ಬೆರಕೆಯೆಲ್ಲ ಕಲಬೆರಕೆಯಲ್ಲ: ನಮ್ಮ ಪೈಪು, ನಮ್ಮ ನೀರು, ನಮ್ಮ ಪ್ಲಾಸ್ಟಿಕ್

(ಸಂಘದ ವಾರ್ಷಿಕ ಸಭೆಯಲ್ಲಿ ವಿದ್ಯಾರ್ಥಿಗಳು ಹಾಗೂ ಪೋಷಕರ ಮುಂದೆ ಮಾಡಿದ ಭಾಷಣದ ಬರಹರೂಪ)



ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ. ಗಜಲ್, ಗಾದೆ, ಸಂಧಿ, ಸಮಾಸ ಇವು ನನ್ನ ಕ್ಷೇತ್ರ. ಇವತ್ತು ನಾನು ಪ್ಲಾಸ್ಟಿಕ್ ಬಗ್ಗೆ ಮಾತನಾಡುತ್ತೇನೆ ಎಂದಾಗ ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರೇ ನಕ್ಕರು. "ನಿಮಗ್ಯಾಕೆ ಸಾರ್ ಈ ಉಸಾಬರಿ?" ಎಂದು ಕೇಳಿದರು. ಅವರು ಕೇಳಿದ್ದು ನ್ಯಾಯವಾಗಿಯೇ ಇದೆ. ನಾನು ಈ ವಿಷಯಕ್ಕೆ ಬಂದದ್ದು ಪುಸ್ತಕದಿಂದಲ್ಲ, ಒಂದು ಒಡೆದ ಪೈಪಿನಿಂದ. ಆ ಕಥೆಯನ್ನೇ ಮೊದಲು ಹೇಳಿಬಿಡುತ್ತೇನೆ.

ನನ್ನ ತಾಯಿಯ ತಮ್ಮ, ನಾವು ಮಾಮೂ ಎಂದು ಕರೆಯುವವರು, ಕೊರಟಗೆರೆ ತಾಲ್ಲೂಕಿನಲ್ಲಿ ಸ್ವಲ್ಪ ತೋಟ ಮಾಡಿಕೊಂಡಿದ್ದಾರೆ. ಕೆಲವು ವರ್ಷಗಳ ಹಿಂದೆ ಬೋರ್‌ವೆಲ್‌ನಿಂದ ತೋಟದ ಮೇಲ್ಭಾಗಕ್ಕೆ ನೀರು ಒಯ್ಯಲು ಪೈಪು ಕೊಳ್ಳಲು ಹೊರಟಾಗ ಜೊತೆಗೆ ನನ್ನನ್ನೂ ಕರೆದುಕೊಂಡು ಹೋದರು. ಅಂಗಡಿಯಲ್ಲಿ ಒಂದೇ ಅಳತೆಯ ಎರಡು ಬಗೆಯ ಬೂದು ಬಣ್ಣದ ಪೈಪುಗಳಿದ್ದವು. ಮಾಮೂ ಎರಡನ್ನೂ ಎತ್ತಿ ನೋಡಿದರು. ಒಂದು ಹೆಚ್ಚು ತೂಕವಾಗಿತ್ತು, ಬೆಲೆಯೂ ಕಡಿಮೆ ಇತ್ತು. "ತೂಕ ಇದ್ದದ್ದು ತಾಳುತ್ತೆ" ಎಂದು ಅದನ್ನೇ ಆರಿಸಿದರು. ನಾನೂ ತಲೆಯಾಡಿಸಿದೆ. ಬಿ.ಎಡ್. ಮಾಡಿದವನ ಒಪ್ಪಿಗೆಯೂ ಸಿಕ್ಕಿತಲ್ಲ ಎಂದು ಅವರಿಗೆ ಸಮಾಧಾನ.

ಎರಡನೆಯ ಬೇಸಿಗೆಯಲ್ಲಿ ಮೋಟಾರ್ ಹಾಕಿದ ಕೂಡಲೇ ಪೈಪು ಉದ್ದಕ್ಕೆ ಸೀಳಿತು. ಒಂದು ಕಡೆ ಸರಿ ಮಾಡಿದರೆ ಮತ್ತೊಂದು ಕಡೆ. ಮಾಮೂ ಮೊದಲು ಕರೆಂಟನ್ನು ಬೈದರು, ಆಮೇಲೆ ಗುಂಡಿ ತೋಡಿದ ಆಳುಗಳನ್ನು, ಕೊನೆಗೆ ತಮ್ಮ ಹಣೆಬರಹವನ್ನು. ರಿಪೇರಿಗೆ ಬಂದ ಪೈಪ್ ಮಿಸ್ತ್ರಿ ಒಂದು ಚೂರನ್ನು ಮುರಿದು ತೋರಿಸಿದರು. ಅದು ಬಾಗಲೇ ಇಲ್ಲ, ಬಳಪದ ಕಡ್ಡಿಯಂತೆ ಲಟಕ್ಕನೆ ಮುರಿಯಿತು. ಮುರಿದ ಜಾಗ ಬೆಳ್ಳಗೆ ಪುಡಿಪುಡಿಯಾಗಿತ್ತು. "ಸಾಹೇಬ್ರೇ, ಇದ್ರಲ್ಲಿ ಸುಣ್ಣದ ಪುಡಿ ಜಾಸ್ತಿ. ತೂಕ ಬಂದಿರೋದು ಅದ್ರಿಂದ್ಲೇ" ಎಂದರು.

ಆ ಒಂದು ಮಾತು ನನ್ನ ತಲೆಯಲ್ಲಿ ಕುಳಿತುಬಿಟ್ಟಿತು. ಪ್ಲಾಸ್ಟಿಕ್ ಪೈಪಿನಲ್ಲಿ ಸುಣ್ಣದ ಪುಡಿ ಏಕಿರಬೇಕು? ಅದು ಮೋಸವೇ ಅಥವಾ ಅವಶ್ಯಕವೇ? ಅಲ್ಲಿಂದ ಓದಲು, ಕೇಳಲು ಶುರು ಮಾಡಿದೆ. ತಿಳಿದದ್ದನ್ನು ತಮ್ಮ ಮುಂದೆ ಇಡುತ್ತಿದ್ದೇನೆ.

ಕಲಬೆರಕೆ ಬೇರೆ, ಹದ ಬೇರೆ

ಕನ್ನಡದಲ್ಲಿ ಕಲಬೆರಕೆ ಎಂದರೆ ಕೆಟ್ಟದ್ದು. ಉರ್ದುವಿನಲ್ಲಿ ಮಿಲಾವಟ್ ಎಂದರೂ ಅಷ್ಟೇ. ಹಾಲಿಗೆ ನೀರು, ಮೆಣಸಿನ ಪುಡಿಗೆ ಇಟ್ಟಿಗೆ ಪುಡಿ ನೆನಪಾಗುತ್ತದೆ. ಆದರೆ ನಮ್ಮ ಮನೆಯ ತಾಯಂದಿರು ದಿನವೂ ಬೆರೆಸುತ್ತಾರೆ. ಚಪಾತಿ ಹಿಟ್ಟಿಗೆ ಒಂದು ಚಮಚ ಎಣ್ಣೆ ಹಾಕಿದರೆ ಚಪಾತಿ ಮೆತ್ತಗಾಗುತ್ತದೆ. ಉಪ್ಪಿನಕಾಯಿಗೆ ಉಪ್ಪು, ಎಣ್ಣೆ ಸರಿಯಾಗಿ ಬಿದ್ದರೆ ವರ್ಷಗಟ್ಟಲೆ ಕೆಡುವುದಿಲ್ಲ. ಹಿಂದೆ ಗಾರೆ ಕೆಲಸದವರು ಸುಣ್ಣಕ್ಕೆ ಬೆಲ್ಲದ ನೀರು, ಅಳಲೆಕಾಯಿ ರಸ ಸೇರಿಸಿ ಅರೆಯುತ್ತಿದ್ದರು. ಮಣ್ಣಿನ ಗೋಡೆ ಕಟ್ಟುವವರು ಮಣ್ಣಿಗೆ ಹುಲ್ಲು ತುಳಿಯುತ್ತಿದ್ದರು, ಗೋಡೆ ಬಿರುಕು ಬಿಡದಿರಲಿ ಎಂದು. ಇದನ್ನು ನಾವು ಕಲಬೆರಕೆ ಎನ್ನುವುದಿಲ್ಲ, ಹದ ಎನ್ನುತ್ತೇವೆ.

ಎರಡಕ್ಕೂ ಇರುವ ವ್ಯತ್ಯಾಸ ಏನು? ಯಾವ ಕೆಲಸಕ್ಕೆ, ಯಾವ ವಸ್ತು, ಎಷ್ಟು ಪ್ರಮಾಣದಲ್ಲಿ, ಹೇಳಿ ಬೆರೆಸಿದ್ದೋ ಅಥವಾ ಮುಚ್ಚಿಟ್ಟು ಬೆರೆಸಿದ್ದೋ ಎಂಬುದೇ ವ್ಯತ್ಯಾಸ. ನಾನು ಇವತ್ತು ಹೇಳಬೇಕಾಗಿರುವುದೆಲ್ಲ ಈ ಒಂದು ಮಾತಿನಲ್ಲೇ ಇದೆ. ನಾವು ಕೊಳ್ಳುವ ಪ್ಲಾಸ್ಟಿಕ್ಕಿನ ಗುಣ ಅದರ ಹೆಸರಿನಲ್ಲಷ್ಟೇ ಇಲ್ಲ, ಅದಕ್ಕೆ ಬೆರೆಸಿದ ವಸ್ತುಗಳಲ್ಲೂ ಇದೆ.

ಒಂಟಿಯಾಗಿ ಕೆಲಸಕ್ಕೆ ಬಾರದ ವಸ್ತು

ಪ್ಲಾಸ್ಟಿಕ್ ಎಂದರೆ ಬಹಳ ಉದ್ದವಾದ ಅಣುಗಳ ರಾಶಿ. ಬೇಯಿಸಿದ ಶ್ಯಾವಿಗೆಯನ್ನು ನೆನಪಿಸಿಕೊಳ್ಳಿ. ಎಳೆಗಳು ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ. ಎಥಿಲೀನ್ ಎಂಬ ಅನಿಲದ ಸಣ್ಣ ಅಣುಗಳನ್ನು ಸಾಲಾಗಿ ಪೋಣಿಸಿದರೆ ಪಾಲಿಥೀನ್ ಆಗುತ್ತದೆ. ಇದು ಇಂಗ್ಲೆಂಡಿನ ಐ.ಸಿ.ಐ. ಕಂಪನಿಯ ಪ್ರಯೋಗಾಲಯದಲ್ಲಿ 1933ರಲ್ಲಿ ಆಕಸ್ಮಿಕವಾಗಿ ಸಿಕ್ಕಿದ್ದು. ಅದೇ ಸಾಲಿನಲ್ಲಿ ಕ್ಲೋರಿನ್ ಕೂಡ ಸೇರಿದರೆ ಪಾಲಿವಿನೈಲ್ ಕ್ಲೋರೈಡ್, ಅಂದರೆ ನಾವೆಲ್ಲ ಪಿವಿಸಿ ಎನ್ನುವ ಪ್ಲಾಸ್ಟಿಕ್. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು, ಸುಮಾರು ಶೇಕಡಾ 57ರಷ್ಟು, ಕ್ಲೋರಿನ್ನೇ ಇದೆ. ಆ ಕ್ಲೋರಿನ್ ಬರುವುದು ಉಪ್ಪಿನಿಂದ.

ಪಿವಿಸಿಯನ್ನು ಜರ್ಮನಿಯ ರಸಾಯನಶಾಸ್ತ್ರಜ್ಞ ಯೂಜೆನ್ ಬೌಮನ್ 1872ರಲ್ಲೇ ಕಂಡಿದ್ದರು. ಬಿಸಿಲಿಗೆ ಇಟ್ಟ ಸೀಸೆಯೊಳಗೆ ಬಿಳಿಯ ಗಟ್ಟಿ ಪದಾರ್ಥ ಕೂಡಿಕೊಂಡಿತ್ತು. ಆದರೆ ಅದರಿಂದ ಏನು ಮಾಡಬೇಕೆಂದು ತಿಳಿಯದೆ ಅರ್ಧ ಶತಮಾನವೇ ಕಳೆಯಿತು. ಕಾರಣ, ಅದು ಗಡುಸು, ಮುರುಕಲು. ಕಾಯಿಸಿ ಅಚ್ಚಿಗೆ ಹಾಕೋಣವೆಂದರೆ ಮೆತ್ತಗಾಗುವ ಹೊತ್ತಿಗೇ ಒಳಗಿನ ಕ್ಲೋರಿನ್ ಹೈಡ್ರೋಕ್ಲೋರಿಕ್ ಆಮ್ಲದ ಅನಿಲವಾಗಿ ಹೊರಬರಲು ಶುರುವಾಗಿ ಮೊದಲು ಹಳದಿ, ಆಮೇಲೆ ಕಂದು, ಕೊನೆಗೆ ಕಪ್ಪಾಗುತ್ತದೆ. 1926ರಲ್ಲಿ ಅಮೆರಿಕದ ಬಿ.ಎಫ್. ಗುಡ್‌ರಿಚ್ ಕಂಪನಿಯಲ್ಲಿದ್ದ ವಾಲ್ಡೋ ಸೆಮನ್ ಎಂಬ ವಿಜ್ಞಾನಿ ರಬ್ಬರನ್ನು ಲೋಹಕ್ಕೆ ಹಿಡಿಸುವ ಅಂಟು ಹುಡುಕುತ್ತ, ಈ ಪಿವಿಸಿಯನ್ನು ಬೇಗ ಆವಿಯಾಗದ ಒಂದು ದ್ರವದಲ್ಲಿ ಕಾಯಿಸಿದರು. ಅಂಟು ಸಿಗಲಿಲ್ಲ. ಎಳೆದರೆ ಎಳೆಯುವ, ಬಿಟ್ಟರೆ ಮರಳುವ ಮೆತ್ತನೆಯ ವಸ್ತು ಸಿಕ್ಕಿತು. ಯಾರಿಗೂ ಬೇಡವಾಗಿದ್ದ ಪಿವಿಸಿಗೆ ಬೆರಕೆಯಿಂದಲೇ ಬೆಲೆ ಬಂತು.

ವಿದ್ಯಾರ್ಥಿಗಳೇ, ಇಲ್ಲಿ ಒಂದು ಮಾತನ್ನು ಗುರುತಿಸಿಕೊಳ್ಳಿ. ಇಂದಿಗೂ ಪಿವಿಸಿಯನ್ನು ಒಂಟಿಯಾಗಿ ಬಳಸಲು ಬರುವುದಿಲ್ಲ. ಕಾಖಾನೆಗೆ ಬರುವುದು ಮೈದಾ ಹಿಟ್ಟಿನಂಥ ಬಿಳಿಯ ಪುಡಿ. ಅದಕ್ಕೆ ಬಿಸಿ ತಾಳುವ ವಸ್ತು, ಯಂತ್ರದಲ್ಲಿ ಜಾರುವಂತೆ ಮಾಡುವ ಮೇಣ, ಸುಣ್ಣಕಲ್ಲಿನ ನುಣ್ಣನೆಯ ಪುಡಿ, ಬಣ್ಣ ಎಲ್ಲ ಸೇರಿಸಿ ಕಲಸಿದ ಮೇಲೆಯೇ ಪೈಪಾಗುವುದು.

ಮಾಮೂ ಪೈಪಿನ ಲೆಕ್ಕ

ಈಗ ಮಾಮೂ ಪೈಪಿಗೆ ಬರೋಣ. ಸುಣ್ಣಕಲ್ಲಿನ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಪಿವಿಸಿ ಪೈಪಿನಲ್ಲಿ ಇರುವುದು ತಪ್ಪಲ್ಲ. ಬಹಳ ನುಣ್ಣಗೆ ಅರೆದು, ಪ್ಲಾಸ್ಟಿಕ್ಕಿಗೆ ಹೊಂದಿಕೊಳ್ಳುವಂತೆ ಮೇಲೆ ತೆಳುವಾದ ಲೇಪ ಕೊಟ್ಟ ಪುಡಿಯನ್ನು ಸ್ವಲ್ಪ ಪ್ರಮಾಣದಲ್ಲಿ ಹಾಕಿದರೆ ಪೈಪಿಗೆ ಗಡುಸುತನ ಬರುತ್ತದೆ, ಪೆಟ್ಟು ತಾಳುವ ಶಕ್ತಿಯೂ ಹೆಚ್ಚಬಹುದು, ಖರ್ಚೂ ಸ್ವಲ್ಪ ಇಳಿಯುತ್ತದೆ. ಆದರೆ ಪ್ಲಾಸ್ಟಿಕ್ಕಿಗಿಂತ ಪುಡಿ ಅಗ್ಗ. ಆಸೆ ಅಲ್ಲಿಂದ ಹುಟ್ಟುತ್ತದೆ. ಪುಡಿ ಮಿತಿ ಮೀರಿದರೆ ಎಳೆಗಳ ನಡುವೆ ಕಲ್ಲು ತುಂಬಿದಂತೆ. ಹಿಡಿದುಕೊಳ್ಳಲು ಎಳೆಗಳೇ ಇಲ್ಲದ ಮೇಲೆ ನೀರಿನ ಒತ್ತಡಕ್ಕೆ ಪೈಪು ಸೀಳದೆ ಏನಾಗುತ್ತದೆ?

ತೂಕದ ಗುಟ್ಟೂ ಇಲ್ಲೇ ಇದೆ. ಪಿವಿಸಿ ನೀರಿನ ಸುಮಾರು 1.4 ಪಟ್ಟು ತೂಕದ್ದು. ಸುಣ್ಣಕಲ್ಲಿನ ಪುಡಿ ಸುಮಾರು 2.7 ಪಟ್ಟು. ಆದ್ದರಿಂದ ಗಾತ್ರ, ದಪ್ಪ ಎರಡೂ ಒಂದೇ ಆಗಿದ್ದು ತೂಕ ಮಾತ್ರ ಹೆಚ್ಚಾಗಿದ್ದರೆ ಸಂತೋಷ ಪಡಬಾರದು, ಸಂಶಯ ಪಡಬೇಕು. ಕಬ್ಬಿಣಕ್ಕೆ, ಹಿತ್ತಾಳೆಗೆ ಸರಿಹೋಗುವ ನಮ್ಮ ಹಳೆಯ ಅಂದಾಜು ಇಲ್ಲಿ ತಲೆಕೆಳಗಾಗುತ್ತದೆ. ಮಾಮೂ ಮತ್ತು ನಾನು ಇಬ್ಬರೂ ಸೋತದ್ದು ಈ ಜಾಗದಲ್ಲಿ.

ನೀರಿನ ಬಗ್ಗೆ ಕೇಳುತ್ತೇವೆ, ಪೈಪಿನ ಬಗ್ಗೆ ಕೇಳುವುದಿಲ್ಲ

ತೋಟದ ಪೈಪು ಒಡೆದರೆ ಹಣ ಹೋಗುತ್ತದೆ. ಕುಡಿಯುವ ನೀರಿನ ಪೈಪಿನ ವಿಷಯ ಅದಕ್ಕಿಂತ ದೊಡ್ಡದು.

ನಮ್ಮ ಭಾಗದ ಅಂತರ್ಜಲದಲ್ಲಿ, ಅದರಲ್ಲೂ ಪಾವಗಡದ ಕಡೆ, ಫ್ಲೋರೈಡ್ ಇದೆ ಎಂಬುದು ಇಲ್ಲಿರುವ ಮಕ್ಕಳಿಗೂ ಗೊತ್ತು. ಹಲ್ಲಿನ ಮೇಲಿನ ಕಂದು ಕಲೆ, ಹಿರಿಯರ ಬಾಗಿದ ಮೂಳೆ ನೋಡಿದ್ದೇವೆ. ಶುದ್ಧ ನೀರಿನ ಘಟಕದ ಮುಂದೆ ಕ್ಯಾನ್ ಹಿಡಿದು ನಿಲ್ಲುತ್ತೇವೆ. ಆದರೆ ನೀರು ಹರಿದು ಬರುವ ಪೈಪಿನೊಳಗೆ ಏನಿದೆ ಎಂದು ಕೇಳಿದವರು ಎಷ್ಟು ಮಂದಿ?

ಪಿವಿಸಿ ಬಿಸಿಯಲ್ಲಿ ಕಪ್ಪಾಗದಿರಲು ಸ್ಥಿರಕಾರಿ ಬೆರೆಸಬೇಕು ಎಂದೆನಲ್ಲ, ಬಹಳ ಕಾಲ ಆ ಕೆಲಸಕ್ಕೆ ಬಳಸುತ್ತಿದ್ದದ್ದು ಸೀಸದ ಲವಣಗಳನ್ನು. ಅವು ಅಗ್ಗ, ಕೆಲಸವೂ ಚೆನ್ನಾಗಿ ಆಗುತ್ತಿತ್ತು. ಪ್ಲಾಸ್ಟಿಕ್ಕಿನ ದೃಷ್ಟಿಯಿಂದ ಅದು ಒಳ್ಳೆಯ ಬೆರಕೆ. ಮಗುವಿನ ದೃಷ್ಟಿಯಿಂದ ಕೆಟ್ಟ ಬೆರಕೆ. ಪೈಪಿನ ಒಳಮೈಯಿಂದ ಸೀಸ ಸ್ವಲ್ಪ ಸ್ವಲ್ಪವಾಗಿ ನೀರಿಗೆ ಇಳಿಯಬಲ್ಲದು. ಅದು ಬೆಳೆಯುವ ಮಕ್ಕಳ ಮೆದುಳಿಗೆ ಹಾನಿ ಮಾಡುತ್ತದೆ, ಕಲಿಯುವ ಶಕ್ತಿಯನ್ನು ಕುಗ್ಗಿಸುತ್ತದೆ. ಇಷ್ಟು ಸೀಸ ಹೋದರೆ ತೊಂದರೆ ಇಲ್ಲ ಎಂದು ಹೇಳಬಹುದಾದ ಮಿತಿಯೇ ತಿಳಿದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಮಕ್ಕಳ ಓದಿಗಾಗಿ ಇಷ್ಟೆಲ್ಲ ಶ್ರಮ ಪಡುವ ನಾವು ಈ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಇರಲಾದೀತೇ?

ಕೇಂದ್ರದ ಪರಿಸರ ಸಚಿವಾಲಯ 2021ರಲ್ಲಿ ಇದಕ್ಕಾಗಿಯೇ ನಿಯಮ ಹೊರಡಿಸಿತು. ಪಿವಿಸಿ ಪೈಪು ಮತ್ತು ಜೋಡಣೆಗಳಲ್ಲಿ ಸೀಸದ ಬಳಕೆಯನ್ನು ಹಂತ ಹಂತವಾಗಿ ಬಿಡಬೇಕೆಂದು ಅದು ಹೇಳುತ್ತದೆ. ಸೀಸದ ಬದಲು ಕ್ಯಾಲ್ಸಿಯಂ ಮತ್ತು ಸತುವಿನ ಸಂಯುಕ್ತಗಳನ್ನು ಬೆರೆಸಬಹುದು. ಸೀಸವಿಲ್ಲದ್ದು ಎಂದು ಪೈಪಿನ ಮೇಲೆ ಮುದ್ರಿಸುವ ತಯಾರಕರೂ ಇದ್ದಾರೆ. ಮನೆಗೆ, ಶಾಲೆಗೆ, ಸಮುದಾಯ ಭವನಕ್ಕೆ, ಮಸೀದಿಯ ತೊಟ್ಟಿಗೆ ಹೊಸದಾಗಿ ಪೈಪು ಹಾಕಿಸುವವರು ಅಂಗಡಿಯಲ್ಲಿ ಬಾಯಿಬಿಟ್ಟು ಕೇಳಬೇಕು. "ಕುಡಿಯೋ ನೀರಿಗೆ. ಸೀಸ ಇಲ್ಲದ್ದು ಕೊಡಿ." ಇಷ್ಟೇ ಮಾತು.

ಹಳೆಯ ಪೈಪು ಈಗಾಗಲೇ ನೆಲದೊಳಗೆ ಇದ್ದರೆ ಗಾಬರಿ ಬೇಡ. ರಾತ್ರಿಯೆಲ್ಲ ಪೈಪಿನಲ್ಲಿ ನಿಂತ ನೀರನ್ನು ಬೆಳಿಗ್ಗೆ ಮೊದಲು ಒಂದು ಬಕೆಟ್‌ಗೆ ಹಿಡಿದು ನೆಲ ತೊಳೆಯಲು ಬಳಸಿ, ಆಮೇಲೆ ಬರುವ ನೀರನ್ನು ಕುಡಿಯಲು ಹಿಡಿಯಿರಿ. ಒಂದು ಹನಿಯೂ ದಂಡವಾಗುವುದಿಲ್ಲ. ನೀರನ್ನು ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ಸೀಸ ಹೋಗುವುದಿಲ್ಲ ಎಂಬುದು ನೆನಪಿರಲಿ.

ಮೆತ್ತಗೆ ಮಾಡುವ ಎಣ್ಣೆ

ಅದೇ ಪಿವಿಸಿ ತೋಟದ ಬಗ್ಗುವ ಹೋಸ್ ಪೈಪಾಗುತ್ತದೆ, ವಿದ್ಯುತ್ ತಂತಿಯ ಮೇಲಿನ ಹೊದಿಕೆಯಾಗುತ್ತದೆ, ರೆಕ್ಸಿನ್ ಆಗುತ್ತದೆ, ಚಪ್ಪಲಿಯಾಗುತ್ತದೆ. ಹೇಗೆ? ಶ್ಯಾವಿಗೆಗೆ ಸ್ವಲ್ಪ ತುಪ್ಪ ಸವರಿದರೆ ಎಳೆಗಳು ಅಂಟದೆ ಜಾರುತ್ತವಲ್ಲ, ಹಾಗೆಯೇ ಎಣ್ಣೆಯಂಥ ದ್ರವವನ್ನು ಪಿವಿಸಿಯ ಎಳೆಗಳ ನಡುವೆ ಸೇರಿಸುತ್ತಾರೆ. ಮೆತ್ತನೆಯ ಪಿವಿಸಿ ವಸ್ತುವಿನ ತೂಕದಲ್ಲಿ ಮೂರನೆಯ ಒಂದು ಭಾಗದಷ್ಟು ಈ ದ್ರವವೇ ಇರಬಹುದು. ಅದು ಎಳೆಗಳಿಗೆ ಬೆಸೆದುಕೊಂಡಿರುವುದಿಲ್ಲ, ನಡುವೆ ಕುಳಿತಿರುತ್ತದೆ ಅಷ್ಟೇ. ಆದ್ದರಿಂದ ವರ್ಷಗಳು ಕಳೆದಂತೆ ನಿಧಾನವಾಗಿ ಹೊರಬರುತ್ತದೆ. ಹಳೆಯ ರೆಕ್ಸಿನ್ ಸೀಟು ಗಡುಸಾಗಿ ಬಿರಿಯುವುದು, ಹಳೆಯ ವೈರು ಬಗ್ಗಿಸಿದರೆ ಹೊದಿಕೆ ಸೀಳುವುದು ಇದರಿಂದಲೇ. ಬಿರಿದ ವೈರು ಮನೆಯಲ್ಲಿದ್ದರೆ ಇವತ್ತೇ ಬದಲಾಯಿಸಿ.

ಈ ದ್ರವಗಳಲ್ಲಿ ಥಾಲೇಟ್ ಎಂಬ ಗುಂಪಿನ ಕೆಲವನ್ನು ಮಕ್ಕಳ ಆಟಿಕೆಗಳಲ್ಲಿ ಹೆಚ್ಚಾಗಿ ಬಳಸಬಾರದು ಎಂಬ ನಿರ್ಬಂಧ ಅನೇಕ ದೇಶಗಳಲ್ಲಿದೆ. ಮಗು ಆಟಿಕೆಯನ್ನು ಕೈಗಿಂತ ಬಾಯಿಗೇ ಹೆಚ್ಚು ಹಾಕಿಕೊಳ್ಳುತ್ತದೆ. ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯವಾಗಿದೆ. ಜಾತ್ರೆಯಲ್ಲಿ, ಉರುಸಿನಲ್ಲಿ ಕಮಟು ವಾಸನೆ ಹೊಡೆಯುವ ಮೆತ್ತನೆಯ ಬೊಂಬೆ ಕೊಳ್ಳುವ ಮುನ್ನ ಇದು ನೆನಪಾಗಲಿ.

ನಮ್ಮ ಬಿಸಿಲು ಮತ್ತು ಕಪ್ಪು ಪೈಪು

ಪಾಲಿಥೀನ್ ಕಥೆ ಸ್ವಲ್ಪ ಬೇರೆ. ಅದು ತಾನಾಗಿಯೇ ಬಾಗುತ್ತದೆ, ನೀರಿಗೆ ಜಗ್ಗುವುದಿಲ್ಲ. ಅದರ ಶತ್ರು ಬಿಸಿಲು. ಸೂರ್ಯನ ಅತಿನೇರಳೆ ಕಿರಣಗಳು ಎಳೆಗಳನ್ನು ಕತ್ತರಿಸುತ್ತ ಹೋಗುತ್ತವೆ. ಶಿರಾ, ಪಾವಗಡದ ಬಿಸಿಲು ಹೇಗಿರುತ್ತದೆಂದು ತಮಗೆ ನಾನು ಹೇಳಬೇಕಾಗಿಲ್ಲ. ಕಡಲೆಕಾಯಿ ರಾಶಿಯ ಮೇಲೆ ಹೊದಿಸಿದ ಅಗ್ಗದ ಟಾರ್ಪಾಲು ಮುಂದಿನ ಸುಗ್ಗಿಗೆ ಹಪ್ಪಳದಂತೆ ಪುಡಿಯಾಗುವುದನ್ನು ನೋಡಿದ್ದೀರಿ.

ಇದಕ್ಕೆ ಅಗ್ಗವಾದ, ಬಹಳ ಒಳ್ಳೆಯ ಮದ್ದು ಕಾಡಿಗೆಯಂಥ ನುಣ್ಣನೆಯ ಇಂಗಾಲದ ಪುಡಿ. ಅದು ಆ ಕಿರಣಗಳನ್ನು ತಾನೇ ಹೀರಿಕೊಂಡು ಶಾಖವಾಗಿ ಬದಲಾಯಿಸಿ ಎಳೆಗಳನ್ನು ಕಾಪಾಡುತ್ತದೆ. ನೀರು ಸರಬರಾಜಿನ ಕಪ್ಪು ಪಾಲಿಥೀನ್ ಪೈಪಿಗೆ ಭಾರತೀಯ ಮಾನಕದಲ್ಲಿ ಹೇಳಿರುವ ಪ್ರಮಾಣ ಶೇಕಡಾ ಎರಡೂವರೆಯ ಆಸುಪಾಸು. ನೂರು ಕೆಜಿ ಪ್ಲಾಸ್ಟಿಕ್ಕಿಗೆ ಎರಡೂವರೆ ಕೆಜಿ ಕಾಡಿಗೆ, ಅಷ್ಟೇ! ಅಷ್ಟರಿಂದ ಆಯುಷ್ಯ ಎಷ್ಟೋ ಪಟ್ಟು ಹೆಚ್ಚುತ್ತದೆ. ಆದರೆ ಪುಡಿ ಎಲ್ಲ ಕಡೆ ಸಮನಾಗಿ ಹರಡಿರಬೇಕು. ಮುದ್ದೆಯಲ್ಲಿ ಹಿಟ್ಟು ಗಂಟು ಕಟ್ಟಿದಂತೆ ಇಲ್ಲೂ ಗಂಟು ಕಟ್ಟಿದರೆ ಆ ಜಾಗದಿಂದಲೇ ಬಿರುಕು ಶುರುವಾಗುತ್ತದೆ.

ಕಣ್ಣಿಗೆ ಕಾಣದ ಮೋಸವೂ ಇಲ್ಲಿದೆ. ಕಾಡಿಗೆ ಅರ್ಧ ಶೇಕಡಾ ಹಾಕಿದರೂ ಪೈಪು ಕಪ್ಪಾಗಿಯೇ ಕಾಣುತ್ತದೆ. ಹಾಗಾಗಿ ಹನಿ ನೀರಾವರಿಗೆ ಕಪ್ಪು ಪೈಪೆಲ್ಲ ಒಂದೇ ಎಂದು ತಿಳಿಯಬಾರದು. ಬಣ್ಣ ಬರಿಯ ಬಣ್ಣ, ಪ್ರಮಾಣವೇ ಗುಣ.

ಕಪ್ಪು ಬೇಡವೆಂದಾಗ, ಅಂದರೆ ಬೆಳಕು ಒಳಗೆ ಬರಬೇಕಾದ ಹಸಿರುಮನೆಯ ಹಾಳೆಗೆ, ಬಿಸಿಲು ತಡೆಯುವ ಬೇರೆ ರಾಸಾಯನಿಕ ಬೆರೆಸುತ್ತಾರೆ. ಟೊಮ್ಯಾಟೊ, ಮೆಣಸಿನಕಾಯಿ ಸಾಲಿಗೆ ಹಾಸುವ ಮಲ್ಚಿಂಗ್ ಹಾಳೆ ನೋಡಿ. ಮೇಲ್ಮುಖ ಬೆಳ್ಳಿಯ ಬಣ್ಣ, ಬೆಳಕನ್ನು ಹಿಂದಕ್ಕೆ ಕಳಿಸಲು. ಒಳಮುಖ ಕಪ್ಪು, ಬೆಳಕಿಲ್ಲದೆ ಕಳೆ ಸಾಯಲು. ಕೃಷಿಭಾಗ್ಯ ಯೋಜನೆ 2014-15ರಲ್ಲಿ ಶುರುವಾದ ಮೇಲೆ ನಮ್ಮ ಕಡೆ ಹಲವರು ಕೃಷಿಹೊಂಡ ಮಾಡಿಸಿ ಕಪ್ಪು ಹಾಳೆ ಹೊದಿಸಿದರು. ಆ ಹಾಳೆ ಬಿಸಿಲಿಗೆ ಬಿರಿದರೆ ಹೊಂಡದ ನೀರು ಹೊಲದ ಪಾಲಾಗದೆ ನೆಲದ ಪಾಲಾಗುತ್ತದೆ. ಮಳೆ ಕಡಿಮೆ ಇರುವ ನಾಡಿನಲ್ಲಿ ಎರಡೂವರೆ ಶೇಕಡಾ ಕಾಡಿಗೆಯ ಬೆಲೆ ಇಷ್ಟು ದೊಡ್ಡದು.

ಸೋಲಾರ್ ಪಾರ್ಕಿನ ಗಾಜಿನೊಳಗೆ

ಇದೇ ಬಿಸಿಲನ್ನು ಪಾವಗಡ ಈಗ ವಿದ್ಯುತ್ತಾಗಿ ಮಾರುತ್ತಿದೆ. ತಿರುಮಣಿ, ವಳ್ಳೂರು ಮುಂತಾದ ಐದು ಗ್ರಾಮಗಳ ಸುಮಾರು 13 ಸಾವಿರ ಎಕರೆಯಲ್ಲಿ, ರೈತರಿಂದ ಗುತ್ತಿಗೆಗೆ ಪಡೆದ ಜಮೀನಿನ ಮೇಲೆ, 2,050 ಮೆಗಾವ್ಯಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಇದೆ. 2018ರಲ್ಲಿ ಉದ್ಘಾಟನೆಯಾಗಿ 2019ರ ಕೊನೆಗೆ ಪೂರ್ಣಗೊಂಡಿತು. ಅಲ್ಲಿ ಗಾಜು, ಸಿಲಿಕಾನ್ ಎಲ್ಲರಿಗೂ ಕಾಣುತ್ತವೆ. ಗಾಜಿನ ಕೆಳಗೆ ಸಿಲಿಕಾನ್ ಬಿಲ್ಲೆಗಳನ್ನು ಮೇಲೂ ಕೆಳಗೂ ತಬ್ಬಿ ಹಿಡಿದಿರುವ, ಅರ್ಧ ಮಿಲಿಮೀಟರಿನಷ್ಟು ತೆಳುವಾದ ಪ್ಲಾಸ್ಟಿಕ್ ಹಾಳೆ ಯಾರಿಗೂ ಕಾಣುವುದಿಲ್ಲ. ಸೋಲಾರ್ ಫಲಕಗಳಲ್ಲಿ ಇದಕ್ಕೆ ಹೆಚ್ಚಾಗಿ ಬಳಸುವುದು ಇವಿಎ ಎಂಬ ಪ್ಲಾಸ್ಟಿಕ್ಕನ್ನು. ಪಾಲಿಥೀನಿನ ಸರದಲ್ಲೇ ನಡುನಡುವೆ ವಿನೈಲ್ ಅಸಿಟೇಟ್ ಎಂಬ ಇನ್ನೊಂದು ಮಣಿಯನ್ನು ಪೋಣಿಸಿ ಮಾಡಿದ್ದು ಅದು. ಇಲ್ಲಿ ಬೆರಕೆ ಹೊರಗಿನದಲ್ಲ, ಸರದೊಳಗಿನದು. ಅದರ ಮೇಲೆ ಬಿಸಿಲು ತಡೆಯುವ, ಎಳೆಗಳನ್ನು ಹೆಣೆಯುವ ರಾಸಾಯನಿಕಗಳನ್ನೂ ಸೇರಿಸುತ್ತಾರೆ.

ಈ ಬೆರಕೆ ತಪ್ಪಿದರೆ ಏನಾಗುತ್ತದೆಂದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಕಂಡಿದ್ದಾರೆ. ಅಲ್ಲಿನ ಕರಿಝೋ ಬಯಲಿನಲ್ಲಿ 1980ರ ದಶಕದಲ್ಲಿ ಕಟ್ಟಿದ ಸೋಲಾರ್ ಘಟಕದಲ್ಲಿ ಕನ್ನಡಿಗಳಿಂದ ಹೆಚ್ಚಿನ ಬಿಸಿಲು ಬೀಳಿಸಿದಾಗ ಒಳಗಿನ ಇವಿಎ ಹಾಳೆ ಕಂದು ಬಣ್ಣಕ್ಕೆ ತಿರುಗಿ ವಿದ್ಯುತ್ ಉತ್ಪಾದನೆ ಕುಸಿಯಿತು. ಬೆರಕೆಯನ್ನು ಸುಧಾರಿಸಲು ಸಂಶೋಧಕರಿಗೆ ಅದೇ ಪಾಠವಾಯಿತು.

ಪ್ಲಾಸ್ಟಿಕ್ ತಾನೇ ಬೆರಕೆಯಾದಾಗ

ಇನ್ನು ನಮ್ಮವರೇ ಮಾಡಿದ ಒಂದು ಕೆಲಸ. ಬೆಂಗಳೂರಿನಲ್ಲಿ ಪ್ಲಾಸ್ಟಿಕ್ ಚೀಲದ ವ್ಯಾಪಾರದಲ್ಲಿದ್ದ ಅಹಮದ್ ಖಾನ್ ಮತ್ತು ರಸೂಲ್ ಖಾನ್ ಸಹೋದರರು ಬೀದಿಯ ಪ್ಲಾಸ್ಟಿಕ್ ಕಸ ನೋಡಿ, ಇದನ್ನು ಚೂರು ಮಾಡಿ ಡಾಂಬರಿಗೆ ಬೆರೆಸಿದರೆ ಹೇಗೆ ಎಂದು ಯೋಚಿಸಿದರು. ಬೆಂಗಳೂರು ವಿಶ್ವವಿದ್ಯಾಲಯದ ರಸ್ತೆ ತಜ್ಞರು ಪರೀಕ್ಷೆ ನಡೆಸಿದರು. 2000ದ ದಶಕದ ಮೊದಲ ವರ್ಷಗಳಿಂದ ಬೆಂಗಳೂರಿನ ರಸ್ತೆಗಳಿಗೆ ಅದು ಬಿತ್ತು. ಮದುರೈನ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ಪ್ರಾಧ್ಯಾಪಕ ಆರ್. ವಾಸುದೇವನ್ ಇದೇ ದಿಕ್ಕಿನಲ್ಲಿ ದುಡಿದು 2018ರಲ್ಲಿ ಪದ್ಮಶ್ರೀ ಪಡೆದರು. ಡಾಂಬರಿನ ತೂಕಕ್ಕೆ ಶೇಕಡಾ 8ರ ಸುಮಾರಿಗೆ ಪ್ಲಾಸ್ಟಿಕ್ ಸೇರಿದರೆ ಡಾಂಬರು ಬೇಸಿಗೆಯಲ್ಲಿ ಬೇಗ ಮೆತ್ತಗಾಗುವುದಿಲ್ಲ, ಜಲ್ಲಿಯನ್ನು ಬಿಗಿಯಾಗಿ ಹಿಡಿಯುತ್ತದೆ, ನೀರಿಗೆ ಬೇಗ ಕೀಳುವುದಿಲ್ಲ.

ಆದರೆ ಈ ರಸ್ತೆಗೆ ಪಿವಿಸಿ ಮಾತ್ರ ಹಾಕಬಾರದು ಎಂಬ ನಿಯಮವಿದೆ. ಏಕೆಂದು ಈಗ ತಮಗೇ ಗೊತ್ತು. ಬಿಸಿಗೆ ಕ್ಲೋರಿನ್ ಆಮ್ಲದ ಅನಿಲವಾಗಿ ಹೊರಬರುತ್ತದೆ. ಕಾರ್ಖಾನೆಯ ಹಂಡೆಗೆ ಬೇಡವಾದದ್ದು ನಮ್ಮ ಹಂಡೆ ಒಲೆಗೆ ಬೇಕೇ? ಸ್ನಾನದ ನೀರು ಕಾಯಿಸಲು ಹಳೆಯ ಚಪ್ಪಲಿ, ವೈರು, ಪೈಪಿನ ಚೂರು ಹಾಕಿ ಬೆಂಕಿ ಹಚ್ಚುವ ಅಭ್ಯಾಸ ಅನೇಕ ಮನೆಗಳಲ್ಲಿದೆ. ಆ ಹೊಗೆಯಲ್ಲಿ ಆಮ್ಲವಿದೆ, ಡಯಾಕ್ಸಿನ್ ಎಂಬ ಕಡು ವಿಷವೂ ಹುಟ್ಟಬಹುದು. ಒಲೆಯ ಮುಂದೆ ಕೂರುವವರು ತಾಯಂದಿರು, ಮಕ್ಕಳು. ದಯವಿಟ್ಟು ಇವತ್ತಿನಿಂದ ನಿಲ್ಲಿಸಿ.

ಓದುವುದೆಂದರೆ ಇದೂ ಓದುವುದೇ

ವಿದ್ಯಾರ್ಥಿಗಳೇ, ಈಗ ನಿಮ್ಮ ಸರದಿ. ಭಾಷಾ ಶಿಕ್ಷಕನಾಗಿ ನಾನು ಕಲಿಸುವುದು ಓದುವುದನ್ನು. ಪೈಪಿನ ಮೇಲಿನ ಬರಹವೂ ಒಂದು ಪಾಠ. ನೀರಿನ ಪಿವಿಸಿ ಪೈಪಿನ ಮೇಲೆ ಐಎಸ್ 4985, ಕಪ್ಪು ಪಾಲಿಥೀನ್ ಪೈಪಿನ ಮೇಲೆ ಐಎಸ್ 4984 ಎಂಬ ಸಂಖ್ಯೆ ಇದೆಯೇ ನೋಡಿ. ತಯಾರಕರ ಹೆಸರು, ಹೊರಸುತ್ತಿನ ಅಳತೆ, ತಾಳುವ ಒತ್ತಡ, ಐಎಸ್ಐ ಗುರುತು, ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಎಂಬ ಸರ್ಕಾರಿ ಆ್ಯಪ್‌ನಲ್ಲಿ ಹಾಕಿದರೆ ಪರವಾನಗಿ ನಿಜವೋ ಸುಳ್ಳೋ ತಿಳಿಯುತ್ತದೆ. ಬಿಲ್ಲು ಇಲ್ಲದೆ ಕೊಳ್ಳಬೇಡಿ. ಬಿಲ್ಲಿಲ್ಲದ್ದರಿಂದ ಮಾಮೂಗೆ ದೂರು ಕೊಡಲೂ ಆಗಲಿಲ್ಲ.

ಮನೆಯಲ್ಲೇ ಮಾಡಬಹುದಾದ ಒಂದು ಪ್ರಯೋಗವೂ ಇದೆ. ಕಪ್ಪು ಪಾಲಿಥೀನ್ ಪೈಪಿನ ಚೂರನ್ನೂ ಬೂದು ಪಿವಿಸಿ ಪೈಪಿನ ಚೂರನ್ನೂ ನೀರಿಗೆ ಹಾಕಿ. ಪಾಲಿಥೀನ್ ತೇಲುತ್ತದೆ, ಪಿವಿಸಿ ಮುಳುಗುತ್ತದೆ. ಪಾಲಿಥೀನ್ ಎಂದು ಕೊಟ್ಟದ್ದು ಮುಳುಗಿದರೆ ಒಳಗೆ ಭಾರವಾದದ್ದು ಏನೋ ಇದೆ ಎಂದು ಅರ್ಥ.

ಇದನ್ನೇ ವೃತ್ತಿ ಮಾಡಿಕೊಳ್ಳುವ ದಾರಿಯೂ ಇದೆ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಸಿಪೆಟ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆ ಇದೆ. ಎಸ್ಸೆಸ್ಸೆಲ್ಸಿ ಆದವರಿಗೆ ಅಲ್ಲಿ ಪ್ಲಾಸ್ಟಿಕ್ ತಂತ್ರಜ್ಞಾನದಲ್ಲಿ ಮೂರು ವರ್ಷದ ಡಿಪ್ಲೊಮಾ ಇದೆ. ಪ್ರವೇಶ ಪರೀಕ್ಷೆ ಬರೆಯಬೇಕು. ಇನ್ನೂ ಮುಂದೆ ಓದುವವರಿಗೆ ಮೈಸೂರಿನ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಲಿಮರ್ ವಿಭಾಗವಿದೆ. ನಮ್ಮ ಮಕ್ಕಳಲ್ಲಿ ಎಷ್ಟೋ ಜನ ಗುಜರಿ ಅಂಗಡಿಯಲ್ಲಿ ಕೈಯಿಂದ ಮುಟ್ಟಿಯೇ ಇದು ಯಾವ ಪ್ಲಾಸ್ಟಿಕ್ ಎಂದು ಹೇಳಬಲ್ಲರು. ಆ ಕೈಯರಿವಿಗೆ ಓದು ಸೇರಿದರೆ ಅದೇ ದೊಡ್ಡ ಬಂಡವಾಳ. ಇದೂ ಒಂದು ಒಳ್ಳೆಯ ಬೆರಕೆಯೇ ಅಲ್ಲವೇ?

ಕೊನೆಯ ಮಾತು. ಕಳೆದ ಬೇಸಿಗೆಯಲ್ಲಿ ಮಾಮೂ ಪೈಪು ಬದಲಾಯಿಸಿದರು. ಈ ಸಲ ನನ್ನನ್ನು ಕರೆಯಲಿಲ್ಲ. ಒಂಬತ್ತನೆಯ ತರಗತಿಯಲ್ಲಿರುವ ಮೊಮ್ಮಗಳನ್ನು ಕರೆದುಕೊಂಡು ಹೋದರು. ಅವಳು ಪೈಪಿನ ಮೇಲಿನ ಒಂದೊಂದು ಅಕ್ಷರವನ್ನೂ ಗಟ್ಟಿಯಾಗಿ ಓದಿದಳಂತೆ. ಅಂಗಡಿಯವರು "ಏನಮ್ಮಾ, ಪರೀಕ್ಷೆ ಬರೀತೀಯಾ?" ಎಂದು ನಕ್ಕರಂತೆ. ಮಾಮೂ ಮಾತ್ರ ನಗಲಿಲ್ಲ. "ಅವಳು ಓದಿ ಮುಗಿಸಲಿ, ಆಮೇಲೆ ದುಡ್ಡು ಕೊಡ್ತೀನಿ" ಎಂದರಂತೆ.

ತಾವೂ ಮಕ್ಕಳಿಂದ ಓದಿಸಿ, ಆಮೇಲೆ ದುಡ್ಡು ಕೊಡಿ.